ಮೂರೇ ಸಲ ಸರಿದ ಕಿಟಕಿ

ಆಫೀಸಿನಲ್ಲಿ ಅವನನ್ನು ಎಲ್ಲರೂ ಥಳಥಳರಾಯ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನೂ ಅದನ್ನು ಆಸ್ಥಾನದಲ್ಲಿ ಸಿಕ್ಕ ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದ. ಮನೆ ಕಟ್ಟುವ ಮೊದಲೇ ಅದನ್ನು ಕಂಪ್ಯೂಟರಿನೊಳಗೆ ಕಟ್ಟಿ ಯಜಮಾನರಿಗೆ ತೋರಿಸುವುದು ಅವನ ಕಸುಬು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಹಾಗೆ ಕಟ್ಟಿದ ಮನೆಗಳಿಗೆ ಲೆಕ್ಕವಿಲ್ಲ. ಸ್ವಂತಕ್ಕೆ ಇದ್ದದ್ದು ಮೂರನೇ ಮಹಡಿಯ ಎರಡು ಬಾಡಿಗೆ ಕೋಣೆ, ಅದರಲ್ಲೂ ಒಂದರಲ್ಲಿ ಹಗಲಲ್ಲೇ ದೀಪ ಹಾಕಬೇಕು.

ಪರದೆಯ ಮೇಲಿನ ಬೆಳಕಿನ ವಿಷಯದಲ್ಲಿ ಮಾತ್ರ ಅವನು ಮಹಾ ಮಡಿವಂತ. ಕಿರಣ ಅಂದರೆ ಕಿಟಕಿಯಿಂದ ಒಳಗೆ ಬಂದು, ನೆಲಕ್ಕೆ ಬಡಿದು, ಗೋಡೆಗೆ ನೆಗೆದು, ದಾರಿಯಲ್ಲಿ ಕನ್ನಡಿ ಸಿಕ್ಕರೆ ಮುಖ ನೋಡಿಕೊಂಡು, ಆಮೇಲೆ ಕಣ್ಣಿಗೆ ಬೀಳಬೇಕು. ಹೀಗೆ ಒಂದೊಂದು ಕಿರಣದ ಜಾಡನ್ನೂ ಕಂಪ್ಯೂಟರು ಹಿಡಿದು ಲೆಕ್ಕ ಹಾಕುವುದಕ್ಕೆ ರೇ ಟ್ರೇಸಿಂಗ್ ಎನ್ನುತ್ತಾರೆ. ಉಳಿದವರು ಮನೆಯೆಲ್ಲ ಕಟ್ಟಿ ಮುಗಿದ ಮೇಲೆ ಅದನ್ನು ಹಾಕುತ್ತಿದ್ದರು. ನಮ್ಮ ರಾಯ ಮೊದಲ ಗೋಡೆ ಏಳುವಾಗಲೇ ಹಾಕಿ ಕೂರುತ್ತಿದ್ದ. ಏನನ್ನೇ ಒಂಚೂರು ಸರಿಸಲಿ, ಲೆಕ್ಕವೆಲ್ಲ ಮೊದಲಿಂದ ಶುರು. ಚಿತ್ರ ಒಡೆದು ಮರಳಾಗಿ, ಆ ಮರಳು ಒಂದೊಂದೇ ಕಾಳಾಗಿ ಕೂತು ಮತ್ತೆ ಕೋಣೆಯಾಗುವ ಹೊತ್ತಿಗೆ ಎರಡು ನಿಮಿಷ. ಆ ಎರಡು ನಿಮಿಷ ಅವನು ತಪಸ್ವಿಯಂತೆ ಕಾಯುತ್ತಿದ್ದ.

ಎದುರು ಮೇಜಿನಲ್ಲಿ ನಕ್ಷೆ ಬರೆಯುವ ಹೆಂಗಸೊಬ್ಬಳಿದ್ದಳು. ಅವನಿಗಿಂತ ನಾಲ್ಕು ವರ್ಷಕ್ಕೆ ಹಿರಿಯಳು, ಮಾತಿನಲ್ಲಿ ಬಹಳ ಜಿಪುಣಿ. ಒಮ್ಮೆ ಅವಳೇ ಬಾಯಿಬಿಟ್ಟು ಹೇಳಿದ್ದಳು.

"ಸರಿಸೋವಾಗ ಬೆಳಕು ಕಮ್ಮಿ ಮಾಡ್ಕೊಳ್ರೀ. ಕೈ ನಿಂತ ಮೇಲೆ ಎಷ್ಟು ಬೇಕಾದ್ರೂ ಥಳಥಳ ಅನ್ನಿಸಿ."

"ಮೇಡಂ, ಮನೇನ ಬೂದು ಡಬ್ಬದ ಹಾಗೆ ತೋರ್ಸೋಕೆ ನಾನೇ ಬೇಕಾ?"

"ಡಬ್ಬ ಆದ್ರೂ ಓಡುತ್ತೆ. ನಿಮ್ಮದು ತೆವಳುತ್ತೆ."

ರಾಯ ಮೂಗು ಮುರಿದ. ಸುಳ್ಳು ಬೆಳಕು ತನ್ನ ಪರದೆಯ ಮೇಲೆ ಕಾಲಿಡುವುದು ಪ್ರಾಣ ಇರುವ ತನಕ ಸಾಧ್ಯವಿಲ್ಲ ಎಂದು ಸಾರಿದ. ಅವಳು ಪೆನ್ಸಿಲ್ ಚೂಪು ಮಾಡತೊಡಗಿದಳು. ಇದು ನಡೆದು ಎರಡು ವರ್ಷವಾದ ಮೇಲೆ ಅಕ್ಕನ ಮನೆಯ ಕೆಲಸ ಬಂತು.

ಅಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅವನ ಮೊದಲ ಶಾಲೆಯ ಅಂಗಿ ಹೊಲಿದವಳು, ಆಮೇಲೆ ಊರವರಿಗೆಲ್ಲ ಹೊಲಿದವಳು. ಭಾವ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಮನೆಯ ಮುಂಭಾಗ ಕೆಡವಿ ಕಟ್ಟಿಸುವಾಗ ಅಲ್ಲೇ ಒಂದು ಹೊಲಿಗೆಯ ಕೋಣೆ ಮಾಡಿಸುವುದೆಂದು ತೀರ್ಮಾನವಾಯಿತು. ಅಕ್ಕನಿಗೆ ಇದ್ದದ್ದು ಒಂದೇ ಆಸೆ.

"ನಲವತ್ತು ವರ್ಷ ಗೋಡೆ ನೋಡ್ಕೊಂಡು ಹೊಲಿದೆ ಕಣೋ. ಇನ್ಮೇಲಾದ್ರೂ ಮಷೀನ್ ಮುಂದೆ ಕೂತಲ್ಲಿಂದ ಬೀದೀಲಿ ಹೋಗೋರು ಬರೋರು ಕಾಣ್ಬೇಕು. ಮತ್ತೇನೂ ಬೇಡ."

ರಾಯ ದಂಡಯಾತ್ರೆಗೆ ಹೊರಟವನಂತೆ ಸಜ್ಜಾದ. ಒಂದು ವಾರ ಕೂತು ಅಕ್ಕನ ಹೊಲಿಗೆ ಮಷೀನನ್ನು ಪರದೆಯೊಳಗೆ ತಯಾರಿಸಿದ. ಚಕ್ರದ ಮೆರುಗು, ಸೂಜಿಯ ಕಣ್ಣು, ಅಂಚು ಸವೆದ ಪೆಡಲು, ಯಾವುದನ್ನೂ ಬಿಡಲಿಲ್ಲ. ದಾರದ ಉಂಡೆಯಲ್ಲಿ ಎಳೆ ಎಳೆಯನ್ನೂ ಬೇರೆಯಾಗಿ ಸುತ್ತಿದ. ಇಷ್ಟೆಲ್ಲ ಮಾಡಿದವನು ಕಿಟಕಿಯನ್ನು ಮಾತ್ರ ಹಳೆಯ ಸಂಗ್ರಹದಿಂದ ಎತ್ತಿ ಹಾಗೇ ಕೂರಿಸಿದ. ಅದು ಅಡುಗೆಕಟ್ಟೆಯ ಮೇಲಕ್ಕೆಂದು ಮಾಡಿದ್ದ ಕಿಟಕಿ. ಬೇಕೆಂದಾಗ ಇಳಿಸಿದರಾಯಿತು ಎಂದುಕೊಂಡ.

ಒಂದು ಶನಿವಾರ ಮಧ್ಯಾಹ್ನ ಅಕ್ಕ, ಭಾವ ಆಫೀಸಿಗೆ ಬಂದರು. ಅಕ್ಕ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು. ಆಫೀಸಿನ ಸಾಹೇಬರೂ ಚಹಾದ ಲೋಟ ಹಿಡಿದು ಅವರ ಹಿಂದೆ ಬಂದು ನಿಂತರು. ಪರದೆಯ ಮೇಲೆ ಕೋಣೆ ಬೆಳಗಿತು.

"ಅಯ್ಯೋ, ನನ್ನ ಮಷೀನು!" ಅಕ್ಕ ಪರದೆಯನ್ನೇ ಮುಟ್ಟಿ ನೋಡಿದಳು. "ಧೂಳು ಒಂದಿಲ್ಲ ನೋಡು, ಅದಕ್ಕೇ ನನ್ನದಲ್ಲ ಅನ್ಸುತ್ತೆ." ಆಮೇಲೆ ತಲೆ ಓರೆ ಮಾಡಿ, "ಕಿಟಕಿ ಮೇಲಾಯ್ತೇನೋ?" ಎಂದಳು.

"ಅದಕ್ಕೇನಂತೆ, ಇಳಿಸೋಣ."

ರಾಯ ಕಿಟಕಿಯನ್ನು ಹಿಡಿದು ಎಳೆದ. ಕೋಣೆ ಮರಳಾಯಿತು. ಕಂಪ್ಯೂಟರಿನ ಫ್ಯಾನು ಭೋರೆಂದಿತು. ಮೌಸ್ ಇಲ್ಲಿದ್ದರೆ ಕಿಟಕಿ ಇನ್ನೆಲ್ಲೋ. ಮರಳು ಕೂತಾಗ ನೋಡಿದರೆ ಕಿಟಕಿ ನೆಲಕ್ಕೆ ಬಂದು ಬಾಗಿಲಾಗಿತ್ತು.

"ಏರು ಜಾಸ್ತಿ ಅನ್ಸುತ್ತೆ. ಮೊದಲನೇ ಗೇರಿಗೆ ಹಾಕಪ್ಪ," ಎಂದರು ಭಾವ.

ಸಾಹೇಬರು ನಕ್ಕರು. ರಾಯ ನಗಲಿಲ್ಲ. ಎರಡನೇ ಸಲ ಕಿಟಕಿ ಸೂರಿಗೆ ಹೋಗಿ ಅಂಟಿಕೊಂಡಿತು. ಮತ್ತೆರಡು ನಿಮಿಷ ಮರಳು. ಮೂರನೇ ಸಲ ಹಲ್ಲು ಕಚ್ಚಿ ಎಳೆದಾಗ ಅದು ಮೊದಲಿದ್ದ ಜಾಗಕ್ಕಿಂತ ಒಂದು ಗೇಣು ಕೆಳಗೆ ಬಂದು ನಿಂತಿತು. ಅಷ್ಟು ಹೊತ್ತಿಗೆ ಅಕ್ಕ ಪರದೆ ನೋಡುವುದನ್ನು ಬಿಟ್ಟು ತಮ್ಮನ ಮುಖ ನೋಡುತ್ತಿದ್ದಳು. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಸಾಕು ಕಣೋ. ಇದೇ ಚೆನ್ನಾಗಿದೆ."

ಚಿತ್ರದಲ್ಲಿ ಬೀದಿ ಚೆನ್ನಾಗಿಯೇ ಕಾಣುತ್ತಿತ್ತು. ಯಾಕೆ ಕಾಣದು? ಆ ನೋಟವನ್ನು ಅವನು ನಿಂತವರ ಕಣ್ಣಿನ ಎತ್ತರಕ್ಕೆ ಇಟ್ಟಿದ್ದ. ಕೂತವರ ಮಟ್ಟಕ್ಕೆ ಒಂದು ಸಲ ಇಳಿಸಿ ನೋಡಬೇಕು ಎಂದು ಅವನಿಗೆ ಹೊಳೆಯಲಿಲ್ಲವೆಂದಲ್ಲ, ಹೊಳೆಯಿತು. ಇಳಿಸಿದರೆ ಮತ್ತೆ ಮರಳು, ಮತ್ತೆ ಫ್ಯಾನು, ಮತ್ತೆ ಭಾವನ ಗೇರು, ಹಿಂದೆ ಸಾಹೇಬರು. "ಹಾಗಾದ್ರೆ ಇದೇ ಖಾಯಂ," ಎಂದು ಅವಸರವಾಗಿ ಫೈಲು ಮುಚ್ಚಿದ.

ಐದು ತಿಂಗಳಲ್ಲಿ ಕೋಣೆ ಎದ್ದು ನಿಂತಿತು. ರಾಯ ನೋಡಲು ಹೋದಾಗ ಬೆಳಗಿನ ಬಿಸಿಲು ನೆಲದ ಮೇಲೆ ಅವನು ತೋರಿಸಿದ ಜಾಗದಲ್ಲೇ ಬಿದ್ದಿತ್ತು. ಗೆದ್ದ ಅರಸನ ಠೀವಿಯಲ್ಲಿ ಕೋಣೆ ಸುತ್ತಿ, ಅಕ್ಕ ಚಹಾ ತರಲು ಒಳಗೆ ಹೋದಾಗ ಅವಳ ಸ್ಟೂಲಿನ ಮೇಲೆ ಕೂತ. ಕೂತು ಕಿಟಕಿಯ ಕಡೆ ನೋಡಿದ. ಆಕಾಶ ಕಂಡಿತು. ಎರಡು ವಿದ್ಯುತ್ ತಂತಿ ಕಂಡವು. ಏನೋ ಒಂದು ಉದ್ದನೆಯ ಹಳದಿ ಪಟ್ಟಿ ಸದ್ದು ಮಾಡುತ್ತ ಹಾದುಹೋಯಿತು.

"ಅದು ಬಸ್ಸಿನ ತಲೆ," ಎಂದರು ಬಾಗಿಲಲ್ಲಿ ನಿಂತ ಭಾವ. "ಮಿಕ್ಕಿದ್ದು ನೋಡ್ಬೇಕಂದ್ರೆ ಎದ್ದು ನಿಲ್ಬೇಕು."

ಅಕ್ಕ ಲೋಟ ಹಿಡಿದು ಬಂದಳು.

"ಅವತ್ತೇ ಯಾಕೆ ಹೇಳ್ಲಿಲ್ಲ ನೀನು?" ದನಿ ಏರಿಸಿಯೇ ಕೇಳಿದ.

"ಹೇಳ್ದೆನಲ್ಲೋ. ನಿನ್ನ ಕಂಪ್ಯೂಟ್ರು ಏದುಸಿರು ಬಿಡ್ತಿತ್ತು, ನೀನೂ ಬಿಡ್ತಿದ್ದೆ. ನಿಮ್ಮ ಸಾಹೇಬ್ರು ಬೇರೆ ನಗ್ತಾ ನಿಂತಿದ್ರು. ಪಾಪ, ಎಷ್ಟು ಸಲ ಎಳೆಸೋದು ಅಂತ ಸುಮ್ಮನಾದೆ. ಚಹಾ ಕುಡಿ, ಆರುತ್ತೆ."

ಒಡೆಸೋಣ ಎಂದು ಅವನು ಮೇಸ್ತ್ರಿಯನ್ನು ಕರೆತಂದ. ಕಿಟಕಿಯ ಕೆಳಗಿನ ಗೋಡೆಯೊಳಗೆ ನೀರಿನ ಪೈಪು, ಕರೆಂಟಿನ ತಂತಿ ಎಲ್ಲ ಹಾದುಹೋಗಿದ್ದವು. ಎರಡು ತಿಂಗಳ ಕೆಲಸ ಎಂದ ಮೇಸ್ತ್ರಿ. ಅಕ್ಕ ಕೈ ಅಡ್ಡ ಆಡಿಸಿದಳು. ಇನ್ನೊಂದು ಸಲ ಸಿಮೆಂಟಿನ ಧೂಳು ಕುಡಿಯುವ ಎದೆ ತನಗಿಲ್ಲ, ಬೆಳಕು ಬರುತ್ತಿದೆಯಲ್ಲ, ಅಷ್ಟು ಸಾಕು ಎಂದಳು.

ಸೋಮವಾರ ಥಳಥಳರಾಯ ತನ್ನ ಕಿರೀಟ ಇಳಿಸಿ ಎದುರು ಮೇಜಿಗೆ ಹೋದ. "ಅದೇನೋ ಹೇಳಿದ್ರಲ್ಲ, ಸ್ವಲ್ಪ ತೋರಿಸ್ತೀರಾ?"

ಆಕೆ ಅಕ್ಕನ ಕೋಣೆಯ ಫೈಲು ತೆರೆದಳು. ಪರದೆಯೊಳಗೇ ಹೊಲಿಗೆ ಮಷೀನಿನ ಹತ್ತಿರ ಹೋಗಿ ನಿಂತಳು.

"ದಾರದ ಉಂಡೇನ ಎಳೆ ಎಳೆ ಸುತ್ತಿದ್ದೀರಾ? ಮನೆ ಪೂರ್ತಿ ಸೇರಿದ್ರೂ ಕಂಪ್ಯೂಟರಿಗೆ ಈ ಉಂಡೆಯಷ್ಟು ಭಾರ ಇಲ್ಲ."

"ಅಕ್ಕನ ಮಷೀನು," ಎಂದ, ಅದೇ ಕಾರಣ ಎಂಬಂತೆ.

ಕೈ ಆಡುತ್ತಿರುವಷ್ಟು ಹೊತ್ತು ಮಷೀನಿನ ಜಾಗದಲ್ಲಿ ಒಂದು ಬರೀ ಡಬ್ಬ ಕಾಣುವ ಹಾಗೆ ಮಾಡಿದಳು. ಹನ್ನೆರಡು ಸಲ ನೆಗೆಯುತ್ತಿದ್ದ ಕಿರಣಕ್ಕೆ ಎರಡೇ ನೆಗೆತ ಸಾಕೆಂದಳು. ಸರಿಸುವಾಗ ಚಿತ್ರ ಅರ್ಧ ನುಣುಪಿನದಾಗಿ, ನಿಂತ ಮೇಲೆ ಪೂರ್ತಿಯಾಗಿ ಬರುವಂತೆ ಇಟ್ಟಳು. ಚಿತ್ರದ ಮೇಲಿನ ಮರಳನ್ನು ಒರೆಸುವ ಸೌಲಭ್ಯವೊಂದಿತ್ತು, ಅವನು ಬೇಡವೆಂದು ಆಫ್ ಮಾಡಿಟ್ಟದ್ದು, ಅದನ್ನೂ ಹಾಕಿದಳು. ಕಿಟಕಿ ಎಣ್ಣೆ ಬಿಟ್ಟ ಡ್ರಾಯರಿನ ಹಾಗೆ ಜಾರಿತು. ಎಲ್ಲ ಸೇರಿ ಕಾಲು ಗಂಟೆ.

"ಇಷ್ಟೇನಾ?"

"ಇಷ್ಟೇ."

ಅವಳು ಕೆಣಕಲಿಲ್ಲ. ಕೆಣಕಿದ್ದರೆ ತಿರುಗಿ ಏನಾದರೂ ಅಂದು ಎದೆ ಹಗುರ ಮಾಡಿಕೊಳ್ಳಬಹುದಿತ್ತು.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹೊತ್ತು ಅಕ್ಕನ ಮನೆಗೆ ಹೋದ. ಯಾಕೆ ಹೋದನೋ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ನೋಟವನ್ನು ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸಿ, ಮೌಸನ್ನು ಅವಳ ಕೈಗೇ ಕೊಟ್ಟ.

"ನೀನೇ ಸರಿಸು ಅಕ್ಕ. ಎಷ್ಟು ಸಲ ಬೇಕಾದ್ರೂ."

ಅಕ್ಕ ಕನ್ನಡಕ ಹಾಕಿಕೊಂಡು ಕಿಟಕಿಯನ್ನು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. "ಅರೆ, ಎಷ್ಟು ಚೆನ್ನಾಗಿ ಮಾತು ಕೇಳುತ್ತಲ್ಲೋ ಇದು!" ಎಂದಳು. ಸ್ವಲ್ಪ ಎಡಕ್ಕೆ ತಂದಳು. "ಹಾಂ. ಇಲ್ಲಿ."

ಅರ್ಧ ನಿಮಿಷವೂ ಆಗಿರಲಿಲ್ಲ.

ಅಷ್ಟರಲ್ಲಿ ಹೊರಗೆ ಯಾರೋ ಕೂಗಿದರು. ಯಾರೆಂದು ನೋಡಲು ಅಕ್ಕ ಮಂಡಿಯ ಮೇಲೆ ಕೈಯೂರಿ ಎದ್ದು ಗೋಡೆಯ ಕಿಟಕಿಯ ಹತ್ತಿರ ಹೋದಳು. ಪರದೆಯೊಳಗಿನ ಕಿಟಕಿ ಅವಳು ಬಿಟ್ಟಲ್ಲೇ ಇತ್ತು. ಅದರಲ್ಲಿ ಬೀದಿ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತಿತ್ತು, ಯಾರೂ ಇರಲಿಲ್ಲ.