ಟೀ ಗುಡ್ಡದ ಊರೂ ನನ್ನ ಗೋಣೂ

ನಾನಿರುವ ಊರಿನಲ್ಲಿ ನಾನೇ ಯಂಗ್ ಲೇಡಿ. ಎಪ್ಪತ್ತು ದಾಟಿ ಕೆಲವು ವರ್ಷಗಳಾದವು, ಆದರೂ ಹಿರಿಯರ ಕೂಟಕ್ಕೆ ಹೋದರೆ ಕುರ್ಚಿ ಜೋಡಿಸುವ ಕೆಲಸ ನನ್ನ ಪಾಲಿಗೇ ಬರುತ್ತದೆ. ತೊಂಬತ್ತರ ಅಜ್ಜಿಯೊಬ್ಬರು ಕೂತಲ್ಲಿಂದಲೇ ಕೈ ತೋರಿಸಿ, "ನಿನಗೇನು, ಇನ್ನೂ ಹುಡುಗಿ, ಎತ್ತು" ಎನ್ನುತ್ತಾರೆ. ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಜನ ಎದ್ದು ಸೀಟು ಕೊಡುತ್ತಿದ್ದರು. ಇಲ್ಲಿ ಕುರ್ಚಿ ಹೊರಿಸುತ್ತಾರೆ. ಟು ಬಿ ಫ್ರ್ಯಾಂಕ್, ನನಗೆ ಇದೇ ಹೆಚ್ಚು ಇಷ್ಟ.

ಜಪಾನಿನ ನಗೋಯಾದಿಂದ ಪೂರ್ವಕ್ಕೆ ರೈಲಿನಲ್ಲಿ ಬಂದು, ಆಮೇಲೆ ನದಿಯ ಪಕ್ಕದ ರಸ್ತೆಯಲ್ಲಿ ಪುಟ್ಟ ಬಸ್ಸು ಹಿಡಿದರೆ ನಮ್ಮೂರು. ಊರೆಂದರೆ ಒಂದು ಕಣಿವೆ, ಎರಡೂ ಕಡೆ ಗುಡ್ಡ, ಗುಡ್ಡದ ತುಂಬ ಟೀ. ಗಿಡಗಳನ್ನು ಉದ್ದುದ್ದ ಸಾಲಾಗಿ ಬೆಳೆಸಿ, ತಲೆಯನ್ನು ದುಂಡಗೆ ಕತ್ತರಿಸಿರುತ್ತಾರೆ. ದೂರದಿಂದ ನೋಡಿದರೆ ಹಸಿರು ಕಾರ್ಡುರಾಯ್ ಬಟ್ಟೆಯನ್ನು ಒಣಹಾಕಿದ ಹಾಗೆ ಕಾಣುತ್ತದೆ. ಸಾಲುಗಳ ನಡುವೆ ಅಲ್ಲಲ್ಲಿ ಎತ್ತರದ ಕಂಬಗಳು, ಕಂಬದ ತುದಿಗೊಂದು ಫ್ಯಾನು. ಮೊದಲ ಸಲ ನೋಡಿದಾಗ, "ಗಿಡಕ್ಕೂ ಸೆಕೆಯೇ? ವಾಟ್ ಲಕ್ಷುರಿ!" ಎಂದು ನಕ್ಕಿದ್ದೆ. ಸೆಕೆಗಲ್ಲವಂತೆ, ಚಳಿಗೆ. ಚಿಗುರೊಡೆಯುವ ಹೊತ್ತಿಗೆ ಹಿಮ ಬಿದ್ದರೆ ಎಲೆ ಸುಟ್ಟುಹೋಗುತ್ತದೆ, ಅದಕ್ಕೆ ಮೇಲಿನ ಬೆಚ್ಚನೆಯ ಗಾಳಿಯನ್ನು ಗಿಡದ ಮೇಲೆ ತಳ್ಳಲು ಈ ಏರ್ಪಾಟು.

ಶಾಲೆ ಮುಚ್ಚಿ ಬಹಳ ಕಾಲವಾಗಿದೆ, ಹಿರಿಯರ ಕೂಟ ನಡೆಯುವುದು ಅದರ ಕೋಣೆಯಲ್ಲೇ. ಕೊಂಬಿನಿ, ಅಂದರೆ ಹಗಲೂ ರಾತ್ರಿ ತೆರೆದಿರುವ ಅಂಗಡಿ, ಬೇಕೆಂದರೆ ಬಸ್ಸು ಹತ್ತಬೇಕು. ಮಂಗಳವಾರ ಹಾಡು ಹಾಕಿಕೊಂಡು ಒಂದು ವ್ಯಾನು ಬರುತ್ತದೆ, ಅದರಲ್ಲೇ ಹಾಲು, ಮೊಟ್ಟೆ, ಮೀನು, ಬಲ್ಬು, ಕಾಲುಚೀಲ. ಊರ ಹೆಂಗಸರೆಲ್ಲ ಅದರ ಹಿಂದೆ ಸಾಲು ನಿಂತು ಒಬ್ಬರ ಸೊಂಟನೋವು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಮೇ ತಿಂಗಳು ಬಂತೆಂದರೆ ಊರಿನ ಟೀ ಫ್ಯಾಕ್ಟರಿಯಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸುವ ವಾಸನೆ ಕಣಿವೆಯೆಲ್ಲ ತುಂಬುತ್ತದೆ. ಅದನ್ನು ನಮ್ಮವರಿಗೆ ಹೇಗೆ ವಿವರಿಸಲಿ? ಸೊಗಡಿನ ಅವರೆಕಾಯಿ ಬೇಯುವ ಅಡುಗೆಮನೆಗೆ ಯಾರೋ ಆಗಷ್ಟೇ ಕೊಯ್ದ ಹುಲ್ಲಿನ ಹೊರೆ ತಂದಿಟ್ಟ ಹಾಗೆ.

ನನ್ನ ಯಜಮಾನರು ಹೋದ ಮೇಲೆ ಒಂದೆರಡು ತಿಂಗಳು ಇದ್ದು ಹೋಗೋಣವೆಂದು ಬಂದವಳು ನಾನು, ಇಲ್ಲೇ ಉಳಿದೆ. ಮಗಳು ಮಣ್ಣಿನ ವಿಜ್ಞಾನಿ. ಟೀ ಬೆಳೆಯುವ ನೆಲದ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಅಳಿಯ ನಗೋಯಾದಲ್ಲಿ ಕಾರು ಕಂಪನಿಯೊಂದರ ಇಂಜಿನಿಯರ್, ಶುಕ್ರವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾನೆ.

ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಹೆಂಗಸಿಗೆ ನನಗಿಂತ ಎಂಟೊಂಬತ್ತು ವರ್ಷ ಹೆಚ್ಚು. ಅವರನ್ನು ಏನೆಂದು ಕರೆಯಬೇಕೆಂದು ಬಂದ ಹೊಸದರಲ್ಲಿ ಮಗಳನ್ನು ಕೇಳಿದೆ.

"ಎಲ್ಲಾರೂ ಓಬಾಚಾನ್ ಅಂತಾರೆ ಅಮ್ಮ. ಅಜ್ಜಿ ಅಂತ."

"ನಾನೇ ಅಜ್ಜಿ ಥರ ಇದೀನಿ. ಅಕ್ಕ ಅನ್ನೋಕೆ ಏನಂತಾರೆ?"

"ಓನೇಸಾನ್. ಆದ್ರೆ ಅಮ್ಮ..."

ಆದರೆ ಏನೆಂದು ನಾನು ಕೇಳಿಸಿಕೊಳ್ಳಲಿಲ್ಲ. ಮರುದಿನ ಬೇಲಿಯ ಈಚೆಯಿಂದ "ಓನೇಸಾನ್!" ಎಂದು ಕೂಗಿದೆ. ಅವರು ಹಿಂದೆ ತಿರುಗಿ, ತಮ್ಮ ಬೆನ್ನ ಹಿಂದೆ ಯಾರಿದ್ದಾರೆಂದು ಹುಡುಕಿದರು. ತಮ್ಮನ್ನೇ ಎಂದು ತಿಳಿದಾಗ ಬಾಯಿಗೆ ಕೈ ಅಡ್ಡ ಹಿಡಿದು, ಬೇಲಿ ಹಿಡಿದುಕೊಂಡು ನಕ್ಕರು. ಗುರುತಿಲ್ಲದ ಹರೆಯದ ಹುಡುಗಿಯರನ್ನೂ ಇಲ್ಲಿ ಹಾಗೇ ಕರೆಯುತ್ತಾರಂತೆ. ಅಂದಿನಿಂದ ಅವರು ನನಗೆ ಅಕ್ಕ. ನಮ್ಮಿಬ್ಬರ ಮಾತು ಅರ್ಧ ಜಪಾನಿ, ಕಾಲು ಇಂಗ್ಲಿಷ್, ಮಿಕ್ಕಿದ್ದು ಕೈ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅಕ್ಕನ ತೋಟ ನಮ್ಮೆರಡೂ ಮನೆಗಳ ಹಿಂದಿನ ಇಳಿಜಾರಿನಲ್ಲಿದೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಸಸಿಗಳನ್ನು ಬೆನ್ನ ಮೇಲೆ ಹೊತ್ತು ತಂದು ನೆಟ್ಟದ್ದು. ಚಿಗುರು ಕತ್ತರಿಸುವ ಯಂತ್ರವನ್ನು ಇಬ್ಬರು ಹಿಡಿಯಬೇಕು. ಸಾಲಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಪಲ್ಲಕ್ಕಿ ಹೊತ್ತವರ ಹಾಗೆ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಕತ್ತರಿಸಿದ ಎಲೆ ಹಿಂದಿನ ಉದ್ದನೆಯ ಚೀಲಕ್ಕೆ ಹಾರಿ ಬೀಳುತ್ತದೆ. ಗಂಡ ತೀರಿಕೊಂಡ ಮೇಲೆ ಆ ಕಡೆಯ ಹಿಡಿಯನ್ನು ಮೈದುನ ಹಿಡಿಯುತ್ತಿದ್ದ. ನಾನು ಹೇಳಹೊರಟಿರುವ ವರ್ಷ ಅವನ ಸೊಂಟ ಕೈಕೊಟ್ಟಿತು. ಅಕ್ಕನ ಮೊಣಕಾಲೂ ಅಷ್ಟಕ್ಕಷ್ಟೆ.

ಹಾಗಂತ ತೋಟವನ್ನು ಹಾಗೇ ಬಿಡುವಂತಿಲ್ಲ. ಬಿಟ್ಟರೆ ಗಿಡ ಆಳೆತ್ತರ ಬೆಳೆದು, ಹುಳ ಹಿಡಿದು, ಕಾಡುಹಂದಿ ಬಂದು ಸೇರಿ ಅಕ್ಕಪಕ್ಕದವರಿಗೆ ತೊಂದರೆ. ಈ ಊರಿನವರು ಸಾವಿಗಾದರೂ ಹೆದರಲಿಕ್ಕಿಲ್ಲ, ಇನ್ನೊಬ್ಬರಿಗೆ ತೊಂದರೆಯಾಗುವುದಕ್ಕೆ ಹೆದರುತ್ತಾರೆ. ನೋಡಿಕೊಳ್ಳಲಾಗದವರು ಗಿಡಗಳನ್ನು ಬೇರು ಸಮೇತ ಕೀಳಿಸಿಬಿಡುತ್ತಾರೆ. ಗುಡ್ಡದಲ್ಲಿ ಅಂಥ ಬೋಳು ತುಂಡುಗಳು ಅಲ್ಲಲ್ಲಿ ಕಾಣುತ್ತವೆ.

ನವೆಂಬರಿನ ಒಂದು ಮಧ್ಯಾಹ್ನ ಅಕ್ಕ ನಮ್ಮ ಜಗಲಿಯಲ್ಲಿ ಕೂತು, ಒಣಗಿಸಲೆಂದು ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದರು. ಕೈ ನಿಲ್ಲಿಸದೆ, ನನ್ನ ಮುಖ ನೋಡದೆ ಕೇಳಿದರು:

"ನಿಮ್ಮ ಮಗಳು, ಅಳಿಯ... ನನ್ನ ತೋಟ ನೋಡಿಕೊಳ್ಳೋಕೆ ಆಗತ್ತಾ? ಆಗದಿದ್ರೂ ಏನೂ ಬೇಜಾರಿಲ್ಲ."

ಮಗಳು ಇಲ್ಲಿಗೆ ಬಂದಾಗಿನಿಂದ ಕನಸು ಕಂಡದ್ದು ಅದನ್ನೇ, ಸಂಶೋಧನೆಯ ಪ್ಲಾಟಲ್ಲ, ತಾನೇ ಬೆಳೆಸುವ ಒಂದು ತುಂಡು ನೆಲ. ಬಾಯಿ ಬಿಟ್ಟು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ಖುಷಿಗೆ ನನಗೆ ಬಾಯಿ ತೆರೆಯುವುದೇ ಮರೆತುಹೋಯಿತು. ಗೋಣು ಆಡಿಸಿದೆ. ಎಡ ಭುಜದಿಂದ ಬಲ ಭುಜಕ್ಕೆ, ಬಲದಿಂದ ಎಡಕ್ಕೆ, ಕಣ್ಣು ಮುಚ್ಚಿಕೊಂಡು, ಹೃದಯ ತುಂಬಿ.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿ, "ಸೋ ದೆಸು ಕಾ" ಎಂದರು, ಹಾಗೋ ಎಂದು. ಆಮೇಲೆ ಚಾಕು ಕೆಳಗಿಟ್ಟು, ಹಣೆ ನೆಲಕ್ಕೆ ತಾಗುವಷ್ಟು ಬಾಗಿ "ಸುಮಿಮಾಸೆನ್" ಎಂದರು. ಆ ಪದವೊಂದು ವಿಚಿತ್ರ, ಥ್ಯಾಂಕ್ಸಿಗೂ ಅದೇ, ಸಾರಿಗೂ ಅದೇ. ನಾನು ಥ್ಯಾಂಕ್ಸ್ ಎಂದುಕೊಂಡೆ.

ಮರುದಿನದಿಂದ ಉಡುಗೊರೆಗಳು ಶುರುವಾದವು. ಉಪ್ಪಿನಲ್ಲಿ ಹಾಕಿದ ಮೂಲಂಗಿ, ಒಣಗಿಸಿದ ಹಣ್ಣು, ಬುಟ್ಟಿ ತುಂಬ ನಿಂಬೆಯಂಥ ಯುಜು. ನಾನೂ ಬಿಡಲಿಲ್ಲ, ಚಕ್ಕುಲಿ, ಕೋಡುಬಳೆ ಮಾಡಿ ಕಳಿಸಿದೆ. ಬೇಲಿಯ ಮೇಲೆ ನಿಶ್ಚಿತಾರ್ಥದ ತಟ್ಟೆಗಳು ಓಡಾಡಿದ ಹಾಗಿತ್ತು. ಪ್ರತಿ ಸಲವೂ ಅಕ್ಕ ಮೊದಲಿಗಿಂತ ಹೆಚ್ಚು ಬಾಗುತ್ತಿದ್ದರು. ಕೇಳಬಾರದ್ದನ್ನು ಕೇಳಿ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದೆನೆಂದು ಕ್ಷಮೆ ಬೇಡುತ್ತಿದ್ದಾರೆಂದು ನಮಗೆಲ್ಲಿ ಗೊತ್ತು!

"ಯಾವಾಗಿಂದ ಶುರು ಅಂತ ಹೋಗಿ ಕೇಳೇ" ಎಂದು ಮಗಳಿಗೆ ಹೇಳಿದೆ.

"ಅಮ್ಮ, ಪ್ಲೀಸ್. ಅವರ ಜಮೀನು, ಅವರೇ ಶುರು ಮಾಡ್ಲಿ. ನಾವೇ ಹೋಗಿ ಯಾವಾಗ ಕೊಡ್ತೀರಾ ಅಂದ್ರೆ ಸೋ ಕ್ರೂಡ್."

ಅಳಿಯನ ಉತ್ಸಾಹವಂತೂ ಹೇಳತೀರದು. ಅಂಗಳದಲ್ಲಿ ಬಟ್ಟೆ ಒಣಹಾಕುವ ಬಿದಿರಿನ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ಹೆಂಡತಿಗೆ ಕೊಟ್ಟು ನಡೆಯುವ ಪ್ರಾಕ್ಟೀಸ್.

"ನೀನು ಮುಂದೆ ಹೋಗ್ತಿದೀಯಾ ಕಣೇ!"

"ನೀವು ಹಿಂದೆ ಬೀಳ್ತಿದೀರಾ. ಆಫೀಸಲ್ಲೂ ಹೀಗೇನಾ?"

ಹೊಸ ವರ್ಷದ ದಿನ ಮಗಳು ಅಕ್ಕನ ಮನೆಗೆ ಹೋಗಿ ಮೊಣಕಾಲೂರಿ ಕೂತು, "ಈ ವರ್ಷ ನಿಮ್ಮ ಕೃಪೆ ನಮ್ಮ ಮೇಲಿರಲಿ" ಎಂದು ಜಪಾನಿಯಲ್ಲಿ ಹೇಳಿ ಬಂದಳು. ತೋಟದ ಮಾತು ಎತ್ತಿಯೇ ಬಂದೆನೆಂದು ಅವಳ ಲೆಕ್ಕ. ಆದರೆ ಹೊಸ ವರ್ಷದಲ್ಲಿ ಈ ದೇಶದಲ್ಲಿ ಹಾಲಿನವನೂ ಹೇಳುವ ಮಾತು ಅದು! ಅಕ್ಕನೂ ಬಾಗಿ ಅದನ್ನೇ ತಿರುಗಿ ಹೇಳಿದರು. ಎರಡೂ ಮನೆಯವರು ಬಹಳ ಡಿಗ್ನಿಫೈಡ್ ಆಗಿ ಕಾಯುತ್ತ ಕೂತೆವು, ಒಬ್ಬರು ಬರುವ ಚಿಗುರಿಗೆ, ಇನ್ನೊಬ್ಬರು ಬೇರು ಕೀಳುವ ಯಂತ್ರಕ್ಕೆ.

ಫೆಬ್ರವರಿಯ ಒಂದು ಬೆಳಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಹಿತ್ತಿಲಲ್ಲಿ ಗರಗರ ಸದ್ದಾಯಿತು. ಇಣುಕಿದರೆ, ಊರಿನ ಟೀ ಫ್ಯಾಕ್ಟರಿ ನೋಡಿಕೊಳ್ಳುವ ಮನುಷ್ಯ ಅಗೆಯುವ ಪುಟ್ಟ ಯಂತ್ರದಲ್ಲಿ ಕೂತಿದ್ದಾನೆ. ಕೆಳಗಿನ ಸಾಲುಗಳು ಆಗಲೇ ಬೇರು ಮೇಲಾಗಿ ಬಿದ್ದಿವೆ.

ಚಪ್ಪಲಿಯಲ್ಲೇ ಓಡಿದೆ, ಅಂದರೆ ನನ್ನ ವಯಸ್ಸಿನ ಓಟ. ಬೇಡ ಎನ್ನಲು, ನಿಲ್ಲಿಸಿ ಎನ್ನಲು ಕಲಿತಿದ್ದ ಜಪಾನಿಯೆಲ್ಲ ಎಲ್ಲಿ ಹೋಯಿತೋ. ಬಾಯಿಂದ ಬಂದದ್ದು ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಧ್ವನಿ: "ಸ್ಟಾಪ್ ಇಟ್! ಸ್ಟಾಪ್ ದಿಸ್ ಇನ್‌ಸ್ಟಂಟ್!" ಆತ ಪೊಲೀಸರ ಮುಂದೆ ನಿಂತವನ ಹಾಗೆ ಎರಡೂ ಕೈ ಮೇಲೆತ್ತಿದ. ಯಂತ್ರ ನಿಂತಿತು.

ಅಕ್ಕ ತೋಟದಲ್ಲಿರಲಿಲ್ಲ. ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು, ಒಳಗಿಂದ ಟೀವಿ ಬೊಬ್ಬೆ ಹೊಡೆಯುತ್ತಿತ್ತು. ಬಾಗಿಲು ಸರಿಸಿದೆ. ಅಡುಗೆ ಕಾರ್ಯಕ್ರಮವೊಂದನ್ನು ಕಿವಿ ಒಡೆಯುವಷ್ಟು ಜೋರಾಗಿ ಹಾಕಿಕೊಂಡು, ಟೀವಿಗೆ ಬೆನ್ನು ಮಾಡಿ ಅಕ್ಕ ಕೂತಿದ್ದರು. ಹಿತ್ತಿಲಿನ ಸದ್ದು ಕೇಳಬಾರದೆಂದು.

"ಯಾಕೆ ಕೀಳಿಸ್ತಿದೀರಾ?" ಎಂದು ನಾನೂ ಕಿರುಚಿಯೇ ಕೇಳಿದೆ. "ಮಗಳು ನೋಡಿಕೊಳ್ತಾಳೆ ಅಂದೆನಲ್ಲ!"

"ನೀವು ಆಗಲ್ಲ ಅಂದಿರಿ."

"ನಾನಾ? ಯಾವಾಗ?"

ಅಕ್ಕ ಟೀವಿ ಆರಿಸಿದರು. ಬೆನ್ನು ನೇರ ಮಾಡಿಕೊಂಡು, ಬಹಳ ಮರ್ಯಾದೆಯಿಂದ, ತಲೆಯನ್ನು ಈ ಭುಜಕ್ಕೊಮ್ಮೆ ಆ ಭುಜಕ್ಕೊಮ್ಮೆ ವಾಲಿಸಿ ತೋರಿಸಿದರು. "ಹೀಗೆ. ಕಣ್ಣನ್ನೂ ಮುಚ್ಚಿಕೊಂಡಿರಿ. ಎಷ್ಟು ನೋವಿನಿಂದ ಇಲ್ಲ ಅಂತಿದ್ದಾರೆ ಅಂದುಕೊಂಡೆ."

"ಅಯ್ಯೋ ಅಕ್ಕಾ, ಅದು ಹೌದು!"

"ಇದು ಹೌದಾ?"

"ಹೌದು ಅಂದರೆ ಹೌದು! ಅದಕ್ಕಿಂತ ದೊಡ್ಡ ಹೌದು ನಮ್ಮಲ್ಲಿ ಇಲ್ಲ!"

ಬೇರೆ ದಿನಗಳಲ್ಲಿ ನನ್ನ ಗೋಣಿನ ಜೊತೆ ಬಾಯಿಯೂ "ಹಾಯ್, ಹಾಯ್" ಎಂದು ಜಪಾನಿಯಲ್ಲಿ ಹೌದು ಸೇರಿಸುತ್ತಿತ್ತು. ಅಂದು ಖುಷಿಯಲ್ಲಿ ಗೋಣೊಂದೇ ಆಡಿತ್ತು. ಸ್ಕೂಲಿನಲ್ಲಿ ಸಿಸ್ಟರ್‌ಗಳು ಎಷ್ಟು ಹೇಳಿದ್ದರು: "ಡೋಂಟ್ ವ್ಯಾಗ್ ಯುವರ್ ಹೆಡ್ ಲೈಕ್ ಎ ಡಾಲ್. ಯೆಸ್ ಸಿಸ್ಟರ್ ಆರ್ ನೋ ಸಿಸ್ಟರ್?" ಫೋರ್ಕ್ ಹಿಡಿಯುವುದು ಕಲಿಸಿದರು, ಪಿಯಾನೋ ಕಲಿಸಿದರು, ಈ ಗೋಣನ್ನು ಮಾತ್ರ ಅವರಿಂದ ನಿಲ್ಲಿಸಲಾಗಲಿಲ್ಲ.

ಬಾಗಿಲಲ್ಲಿ ಬಂದು ನಿಂತಿದ್ದ ಫ್ಯಾಕ್ಟರಿಯ ಮನುಷ್ಯನೂ ಹೆಲ್ಮೆಟ್ಟಿನ ಸಮೇತ ಒಮ್ಮೆ ಗೋಣು ಆಡಿಸಿ ನೋಡಿ, "ಇದು ಕಷ್ಟ" ಎಂದ. ಅಕ್ಕ ನಗಲು ಶುರುಮಾಡಿದವರು ಕಣ್ಣು ಒರೆಸಿಕೊಂಡರು. ನಗುವಿನದ್ದೋ, ಅಷ್ಟು ಹೊತ್ತು ತಡೆದದ್ದೋ, ನಾನು ಕೇಳಲಿಲ್ಲ.

"ಹಾಗಾದರೆ ನಾನೂ ಒಂದು ಹೇಳ್ತೀನಿ" ಎಂದರು. "ಊಟದ ಹೊತ್ತಿಗೆ ನಾನು ಇಈ ದೆಸು ಅಂತೀನಲ್ಲ..."

"ಗೊತ್ತು. ಚೆನ್ನಾಗಿದೆ ಅಂತ."

"ಅಲ್ಲ. ಸಾಕು ಅಂತ. ನಾನು ಸಾಕು ಅಂದ ಹಾಗೆಲ್ಲ ನೀವು ಉಪ್ಪಿಟ್ಟು ಇನ್ನೊಂದು ಸೌಟು ಹಾಕ್ತಾನೇ ಹೋದಿರಿ."

"ಹಾಗಾದ್ರೆ ಉಪ್ಪಿಟ್ಟು ಚೆನ್ನಾಗಿರಲಿಲ್ವಾ?"

"ಮೊದಲನೇ ತಟ್ಟೆ ಚೆನ್ನಾಗಿತ್ತು" ಎಂದರು ಅಕ್ಕ.

ಸಂಜೆ ಮಗಳು ಬೂಟು ಕೂಡ ಸರಿಯಾಗಿ ಬಿಚ್ಚದೆ ಅಕ್ಕನ ಮನೆಗೆ ಓಡಿದಳು. ಸುತ್ತುಬಳಸಿ ಆಡುವ ಎಲ್ಲ ಮರ್ಯಾದೆಯ ಮಾತುಗಳನ್ನೂ ಬಿಟ್ಟು, "ನನಗೆ ಕೊಡಿ, ನಾನು ನೋಡಿಕೊಳ್ತೀನಿ" ಎಂದಳಂತೆ. ಅಕ್ಕನೂ ಅಷ್ಟೇ ನೇರವಾಗಿ, "ತಗೋ" ಎಂದರಂತೆ. ಕಿತ್ತುಹೋದ ಸಾಲುಗಳಿಗೆ ಮಗಳು ಅತ್ತಾಗ, "ಬಿಡು, ಅವೂ ನನ್ನ ಹಾಗೆ ಮುದಿಯಾಗಿದ್ದವು" ಎಂದರಂತೆ.

ಆ ಮೇ ತಿಂಗಳು ಅಳಿಯ ರಜೆ ಹಾಕಿ ಬಂದ. ನಿಜವಾದ ಯಂತ್ರ ಬಿದಿರಿನ ಹಾಗಲ್ಲ, ಮೊದಲ ಸಾಲನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿತು. ಅಕ್ಕ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತು ಇಬ್ಬರನ್ನೂ ಬಯ್ದರು. ನಡುವಿನ ಸಾಲುಗಳ ಹೊತ್ತಿಗೆ ಇಬ್ಬರ ಹೆಜ್ಜೆ ಕೂಡಿತು, ಜಗಳ ನಿಂತಿತು. ಫ್ಯಾಕ್ಟರಿಯಿಂದ ಬಂದ ಹೊಸ ಟೀಯ ಮೊದಲ ಪೊಟ್ಟಣವನ್ನು ಅಕ್ಕ ನಮ್ಮ ಕೈಗಿಟ್ಟರು. ನಾನು ಹಾಲು, ಸಕ್ಕರೆ ಹಾಕದೆ ಕುಡಿದೆ. ದೇವರಿಗೆ, ಅಕ್ಕನಿಗೆ, ಕೈಯೆತ್ತಿ ನಿಂತ ಆ ಮನುಷ್ಯನಿಗೆ, ಹಾಗೇ ನನ್ನ ಗಂಟಲು ಹರಿದ ಆ ಕೆಟ್ಟ ಇಂಗ್ಲಿಷಿಗೂ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿದೆ. ಈ ವಯಸ್ಸಿನಲ್ಲಿ, ಈ ದೂರದ ಕಣಿವೆಯಲ್ಲಿ, ಒಬ್ಬರಿಗೆ ಬೇಕಾದವಳಾಗಿ ಇರುತ್ತೇನೆಂದು ನಾನು ಎಣಿಸಿರಲಿಲ್ಲ.

ಆದರೆ ನನಗೆ ಹೆಚ್ಚು ನೆನಪಾಗುವುದು ಅದಕ್ಕೂ ಮುಂಚಿನ ಮಾರ್ಚ್, ಬೋಳಾದ ಜಾಗದಲ್ಲಿ ಹೊಸ ಸಸಿ ನೆಟ್ಟ ದಿನ. ನೂಲು ಕಟ್ಟಿ ಗೆರೆ ಹಿಡಿದು, ಮಗಳು ಗುಂಡಿ ತೋಡುತ್ತಿದ್ದಳು. ಅಕ್ಕ ಸಸಿ ಎತ್ತಿ ಕೊಡುತ್ತಿದ್ದರು. ನೆಟ್ಟ ಸಸಿಯ ಬುಡಕ್ಕೆ ಒಣಹುಲ್ಲು ಹಾಸುವುದು ನನ್ನ ಕೆಲಸ.

"ಇದರ ಚಿಗುರು ಯಾವಾಗ ಕೀಳಬಹುದು?" ಎಂದು ಕೇಳಿದೆ.

"ನಾಲ್ಕೈದು ವರ್ಷ ಬೇಕು."

ನಮ್ಮಿಬ್ಬರ ವಯಸ್ಸಿಗೆ ಅದನ್ನು ಕೂಡಿಸಿ ನೋಡಿದೆ. ಅಕ್ಕ ಕೂಡಿಸುವ ಗೋಜಿಗೆ ಹೋಗಲಿಲ್ಲ. ರಸ್ತೆಗೆ ಹತ್ತಿರದ ಕೊನೆಯ ಸಾಲನ್ನು ಕೈಯಲ್ಲಿ ತೋರಿಸಿ, "ಆ ಸಾಲಿಗೆ ಯಂತ್ರ ಹಚ್ಚೋದು ಬೇಡ. ಅಲ್ಲಿ ಗುಡ್ಡ ಹತ್ತಬೇಕಿಲ್ಲ. ನೀವೂ ನಾನೂ ಕುರ್ಚಿ ಹಾಕಿಕೊಂಡು ಕೈಯಲ್ಲೇ ಬಿಡಿಸೋಣ" ಎಂದರು.

ನಾನು ಆ ಸಾಲನ್ನೇ ನೋಡುತ್ತ ನಿಂತೆ.

"ಏನು ನೋಡ್ತಾ ನಿಂತಿರಿ? ಬೇರು ಒಣಗತ್ತೆ. ಹುಲ್ಲು ತನ್ನಿ, ಹುಲ್ಲು!"

ನಾನು ಹುಲ್ಲು ತರಲು ಹೋದೆ.