ಮೂಡಲಗಿ ಪೆಟ್ಟಿಗೆ

ತುಕ್ಕಾನಟ್ಟಿಯ ನಮ್ಮ ಸೋದರಮಾವನ ಕಬ್ಬಿನ ಟ್ರೇಲರ್ ಕಾಲುವೆ ದಂಡೆಯಲ್ಲಿ ಮಗುಚಿ, ಡ್ರೈವರ್ ಕೂದಲೆಳೆಯಲ್ಲಿ ಪಾರಾಗಿದ್ದ. ವಾಲಿದ ಕೂಡಲೇ ಎಚ್ಚರಿಸುವಂಥದ್ದು ಬೇಕೆಂದು ಮಾವ ಗೋಕಾಕದ ನನ್ನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬಂದರು. ಅಷ್ಟಕ್ಕೇ ನಿಲ್ಲಬಾರದೇ? ಮೂಡಲಗಿಯಲ್ಲಿ ಅಂಗಡಿ ಇಟ್ಟಿದ್ದ ನನ್ನ ಡಿಪ್ಲೊಮಾ ಗೆಳೆಯನಿಗೂ ಹೇಳಿದರು.

"ಎರಡು ಟ್ರ್ಯಾಕ್ಟರ್ ಅದಾವು, ಇಬ್ರೂ ಒಂದೊಂದಕ್ಕ ಹಚ್ರಿ. ಛಲೋ ಆದದ್ದನ್ನ ಊರ ಮಂದಿಗೆಲ್ಲಾ ಹೇಳ್ತೇನಿ."

ಕಾಲೇಜಿನಲ್ಲೂ ಅವನೇ ಮುಂದು. ಈಗ ನನ್ನ ಸ್ವಂತ ಮಾವನೂ ಅವನ ಪಾಲಾಗಬೇಕೆ?

ಅವನು ಹಾಕಿದ್ದು ಅಗ್ಗದ ಸ್ವಿಚ್ಚು. ಪುಟ್ಟ ಡಬ್ಬಿಯೊಳಗೆ ಗುಂಡು ಉರುಳಿದರೆ ಕರೆಂಟ್ ಹರಿಯುತ್ತದೆ, ಅಷ್ಟೇ. ತಗ್ಗು ಬಂದಾಗೆಲ್ಲ ಅದು ಕುಣಿಯುತ್ತದೆಂದು ನಾನು ಒಳಗೊಳಗೇ ನಕ್ಕೆ. ನನ್ನದು ಕೋನವನ್ನೇ ಅಳೆಯುವ ಚಿಪ್. ಕ್ಷಣದ ಕುಲುಕಾಟಕ್ಕೆ ಸೊಪ್ಪು ಹಾಕುವುದಿಲ್ಲ. ಖಾಲಿ ಟ್ರೇಲರನ್ನು ತೂಕದ ಕಾಟಾ ಮೇಲೆ ನಿಲ್ಲಿಸಿ ಅದಕ್ಕೆ ಮಟ್ಟ ಕಲಿಸಿದೆ.

ಕಬ್ಬಿನ ಹಂಗಾಮು ಬಂತು. ನನ್ನ ಟ್ರೇಲರ್ ವಾಲಿತು, ಬಜರ್ ಕಿರುಚಿತು, ಡ್ರೈವರ್‌ಗೆ ಕೇಳಲೇ ಇಲ್ಲ. ಎರಡೂ ಬದಿಯ ಮನೆಗಳು ನಡುಗುವಷ್ಟು ಹಾಡು ಹಚ್ಚದೆ ನಮ್ಮ ಕಡೆ ಯಾರು ಕಬ್ಬು ಸಾಗಿಸುತ್ತಾರೆ? ಅದನ್ನೇ ನಾನು ಮರೆತಿದ್ದೆ. ಅರ್ಧ ಕಬ್ಬು ಹೊಲದ ಪಾಲಾಯಿತು. ಗೆಳೆಯನೋ, ಬಜರ್ ಇಟ್ಟೇ ಇರಲಿಲ್ಲ. ಟ್ರೇಲರ್ ವಾಲಿದರೆ ಹಾಡೇ ನಿಲ್ಲುವಂತೆ ಮಾಡಿದ್ದ. ಹಾಡು ನಿಂತರೆ ಡ್ರೈವರ್ ಗಾಡಿಯನ್ನೂ ನಿಲ್ಲಿಸುತ್ತಿದ್ದ.

"ಅಳಿಯಾ, ಗುಂಡು ತಗ್ಗಿಗೊಮ್ಮೆ ಹಾಡು ನಿಲ್ಲಸ್ತೈತಿ, ಡ್ರೈವರ್ ಬ್ಯಾಸತ್ತಾನ. ನಿನ್ನ ಸೆನ್ಸರ್ ಛಲೋ ಐತಿ, ಅವನ ಬುದ್ಧಿ ಛಲೋ ಐತಿ. ಎರಡೂ ಕೂಡಸ್ರಿ," ಎಂದರು ಮಾವ.

ಕೂಡಿಸಿದೆವು. ಊರೂರಿಗೆ ಹೋದ ಅದಕ್ಕೆ ಜನ ಇಟ್ಟ ಹೆಸರು 'ಮೂಡಲಗಿ ಪೆಟ್ಟಿಗಿ'. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ. ಆ ಹೆಸರು ಕಿವಿಗೆ ಬಿದ್ದ ದಿನ ನನಗೆ ಊಟ ಸೇರಲಿಲ್ಲ.

ಮೊನ್ನೆ ಗೋಕಾಕದ ಚಾದಂಗಡಿಯಲ್ಲಿ ಇಬ್ಬರೂ ಕೂತಿದ್ದೆವು. ಅಂಗಡಿಯವರು ಗೆಳೆಯನನ್ನು ಹೊಗಳತೊಡಗಿದರು. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡಿನ ಅಬ್ಬರದೊಂದಿಗೆ ಬಂತು. ಇನ್ನು ತಡೆಯಲಾಗದೆ ನಾನು ಗಂಟಲು ಹರಿಯುವಂತೆ ಕೂಗಿದೆ:

"ಆ ಪೆಟ್ಟಿಗಿ ನಂದ್ರಿ! ಇಂವಾ ಬರೇ ಒಂದು ವಾಯರ್ ಜೋಡಿಸ್ಯಾನ!"

ಅದೇ ಹೊತ್ತಿಗೆ ಟ್ರೇಲರಿನ ಗಾಲಿ ಗಟಾರಕ್ಕಿಳಿದು ಹಾಡು ಗಪ್ಪನೆ ನಿಂತಿತ್ತು. ಡ್ರೈವರ್ ಬ್ರೇಕ್ ಹಾಕಿ ಕೆಳಗೆ ಜಿಗಿದ. ಒಂದು ಕಬ್ಬೂ ಬೀಳಲಿಲ್ಲ. ಇಡೀ ಬಜಾರಿಗೆ ಕೇಳಿದ್ದು ನನ್ನ ಮಾತು ಮಾತ್ರ.

ಗೆಳೆಯ ಚಾದ ಕಪ್ ಕೆಳಗಿಟ್ಟು ನಕ್ಕ. "ಖರೆ ಐತ್ರಿ. ಅದು ಅವಂದ."

ಜನ ಆಗ ನಂಬಿದರು. ಅದನ್ನೂ ಅವನೇ ಹೇಳಬೇಕಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು.