ಅರ್ಧ ಸೆಂಟಿಗೆ ಅಕ್ಷತೆ

ನಾನು ರಾಜಕೀಯಕ್ಕೆ ಇಳಿದದ್ದು ಜೀವನದಲ್ಲಿ ಒಂದೇ ಸಲ, ಅದೂ ಅಪ್ಪಟ ಸ್ವಾರ್ಥಕ್ಕೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳುವುದು ಸಲೀಸು.

ಎಂಬತ್ತರ ದಶಕದ ನಡುವಿನ ಮಾತು. ನಾವಾಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ನೆವಾರ್ಕ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿನಲ್ಲಿದ್ದೆವು. ಊರಿನ ಹೆಸರು ಬೇಡ, ಅಲ್ಲಿ ಕೆಲವರಿಗೆ ನಮ್ಮ ಮೇಲೆ ಇನ್ನೂ ಸಿಟ್ಟಿರಬಹುದು. ಊರಿನ ಆಡಳಿತ ನಡೆಸುವ ಸಿಟಿಯವರ ಹತ್ತಿರ ದುಡ್ಡಿರಲಿಲ್ಲ. ರಸ್ತೆಯ ಗುಂಡಿ ಮುಚ್ಚಬೇಕು, ಬೆಂಕಿ ಆರಿಸುವವರಿಗೆ ಹೊಸ ಗಾಡಿ ಬೇಕು, ಲೈಬ್ರರಿ ನಡೆಯಬೇಕು. ಅದಕ್ಕೆಲ್ಲ ಅಂಗಡಿಯಲ್ಲಿ ಕೊಳ್ಳುವ ಪ್ರತಿ ಡಾಲರಿನ ಮೇಲೆ ಅರ್ಧ ಸೆಂಟು ತೆರಿಗೆ ಏರಿಸೋಣವೇ ಎಂದು ಜನರ ಓಟು ಕೇಳಿದ್ದರು. ಜನ ಬೇಡ ಅಂದರೆ ನಮ್ಮ ಬೀದಿ ತುದಿಯ ಲೈಬ್ರರಿ ಬಾಗಿಲು ಹಾಕುತ್ತದೆ ಎಂದೂ ಹೇಳಿದ್ದರು.

ಗುಂಡಿಗಳ ಚಿಂತೆ ನನಗಿರಲಿಲ್ಲ, ಅದು ನಮ್ಮ ದೇಶದಿಂದಲೇ ಬಂದ ಅಭ್ಯಾಸ. ಲೈಬ್ರರಿ ಮಾತ್ರ ಮುಚ್ಚಕೂಡದಿತ್ತು. ಯಾಕೆಂದರೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಅತ್ತೆ ಅಲ್ಲಿರುತ್ತಿದ್ದರು.

ಅತ್ತೆ ಧಾರವಾಡದವರು, ನಾನು ಮೈಸೂರಿನವಳು. ನನ್ನ ಸಾರಿಗೆ ಖಾರ ಸಾಲದು, ಚಪಾತಿ ದುಂಡಗಿಲ್ಲ, ಮಾತಾಡಿದರೆ ಪಕ್ಕದವರಿಗೂ ಕೇಳಿಸುವುದಿಲ್ಲ. ಇಷ್ಟನ್ನೂ ಅವರು ದಿನಾ ಹೊಸದಾಗಿ ಕಂಡುಹಿಡಿಯುತ್ತಿದ್ದರು. ನಮ್ಮವರು ಬೆಳಿಗ್ಗೆ ಏಳಕ್ಕೇ ಫ್ರೀವೇ ಹಿಡಿದು ಆಫೀಸಿಗೆ ಪರಾರಿ. ಮಾವನವರು ಟೀವಿಯ ಕುಸ್ತಿ ಮುಂದೆ ಕೂತರೆ ಭೂಕಂಪವಾದರೂ ಏಳುವವರಲ್ಲ. ನನಗೆ ಮಧ್ಯಾಹ್ನದ ಶಿಫ್ಟು, ಹಾಗಾಗಿ ಬೆಳಗಿನ ಹೊತ್ತು ಅತ್ತೆಯ ಕೈಗೆ ಸಿಗುತ್ತಿದ್ದವಳು ನಾನೊಬ್ಬಳೇ. ಒಂದು ದಿನ ಅವರೇ ಲೈಬ್ರರಿ ಕಂಡುಹಿಡಿದರು. ಕಾರಿಲ್ಲದೆ ನಡೆದು ಹೋಗಬಹುದಾದ ಒಂದೇ ಒಂದು ಜಾಗ. ಅಲ್ಲಿ ಕಿಟಕಿ ಪಕ್ಕದ ದುಂಡುಮೇಜಿನ ಸುತ್ತ ನಾಲ್ಕು ಅಮೆರಿಕನ್ ಅಜ್ಜಿಯರು ಹೆಣಿಗೆ ಹಾಕುತ್ತ ಕೂರುತ್ತಿದ್ದರು. ಅತ್ತೆ ಕಸೂತಿ ಬಟ್ಟೆ ಹಿಡಿದು ಐದನೆಯವರಾಗಿ ಕೂತರು. ಭಾಷೆ ಯಾರಿಗೂ ಅಡ್ಡ ಬರಲಿಲ್ಲ. ಆ ಎರಡು ಗಂಟೆ ನಾನು ಸೋಫಾದ ಮೇಲೆ ಕಾಲು ಚಾಚಿ, ಬಿಸಿ ಕಾಫಿಯನ್ನು ಬಿಸಿಯಾಗಿಯೇ ಕುಡಿಯುತ್ತಿದ್ದೆ. ಅದನ್ನು ಉಳಿಸಿಕೊಳ್ಳಲು ನಾನು ಬೀದಿಗಿಳಿದೆ.

ನಮ್ಮ ಮನೆಯಲ್ಲಿ ಒಬ್ಬರಿಗೂ ಓಟಿರಲಿಲ್ಲ, ಆದರೆ ಮನೆ ಮನೆಗೆ ಹೋಗಿ ಕೇಳಲು ಓಟು ಬೇಕಿಲ್ಲವಂತೆ. ಪ್ರಚಾರದ ಉಸ್ತುವಾರಿ ರಿಟೈರಾದ ಶಾಲಾ ಮೇಡಂ ಒಬ್ಬರದು. ಅವರು ನನ್ನ ಕೈಗೆ ಒಂದು ಪಟ್ಟಿ ಕೊಟ್ಟರು. ನಮ್ಮ ಕಡೆ ಓಟು ಹಾಕಬಹುದಾದವರ ಮನೆಗೆ ಮಾತ್ರ ಗುರುತು ಹಾಕಿತ್ತು. ಅವರನ್ನಷ್ಟೇ ಮಾತಾಡಿಸಬೇಕು, ಉಳಿದ ಮನೆಗಳ ಮುಂದೆ ಕೆಮ್ಮಲೂ ಕೂಡದು. ವಿರೋಧಿಗಳಿಗೆ ಓಟಿನ ದಿನ ಮರೆತುಹೋದರೆ ಮರೆತುಹೋಗಲಿ, ನೆನಪಿಸುವ ಉಪಕಾರ ನಾವು ಮಾಡಬಾರದು. ಅದರಲ್ಲೂ ಮೂಲೆಮನೆಯ ಲಾರಿ ಡ್ರೈವರ್ ಮುದುಕನ ಸುದ್ದಿಗೇ ಹೋಗಬೇಡ ಎಂದರು. ಅವನು ಮನೆಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದ, ತೆರಿಗೆ ಬೇಡ ಅನ್ನುವ ಬೋರ್ಡು ನಮ್ಮ ಮನೆಯ ಬಾಗಿಲಿನಷ್ಟು ದೊಡ್ಡದಿತ್ತು.

ಮೊದಲ ಶನಿವಾರ ಪಟ್ಟಿ ಹಿಡಿದು ಹೊರಟೆ, ವಾಕಿಂಗಿಗೆಂದು ಅತ್ತೆಯೂ ಹಿಂದೆ ಬಂದರು. ನಾನು ಬೆಲ್ಲು ಒತ್ತುವುದು, ಬಾಯಿಪಾಠ ಒಪ್ಪಿಸುವುದು, ಕಾಗದ ಕೈಗಿಟ್ಟು ಓಡುವುದು. ಅರ್ಧ ಜನ ಬಾಗಿಲೇ ತೆರೆಯಲಿಲ್ಲ. ಫುಟ್‌ಪಾತಿನ ಮೇಲೆ ನಿಂತು ಎಲ್ಲ ನೋಡಿದ ಅತ್ತೆ ಮನೆಗೆ ಬಂದು ತೀರ್ಪು ಕೊಟ್ಟರು.

"ಹಿಂಗ ಕರದ್ರ ಯಾರವಾ ಬರ್ತಾರ? ಚೀಟಿ ಒಗದು ಓಡತಿ. ಮಂದೀನ್ನ ಕರಿಯೂ ರೀತಿ ಗೊತ್ತಿಲ್ಲ ನಿಮಗ."

ಮುಂದಿನ ಶನಿವಾರ ಅವರೇ ಮುಂದೆ ನಿಂತರು. ಇಳಕಲ್ ಸೀರೆ, ಬೆಳ್ಳಿಯ ಕುಂಕುಮದ ಭರಣಿ, ಅಕ್ಷತೆಯ ಬಟ್ಟಲು, ಚೀಲದ ತುಂಬ ಶೇಂಗಾ ಉಂಡಿ. ಮದುವೆಗೆ ಕರೆಯಲು ಹೊರಟ ಹಾಗೆಯೇ. ಬಾಗಿಲು ತೆರೆದವರು ಗಾಬರಿಯಾಗುವಷ್ಟರಲ್ಲಿ ಅತ್ತೆ ಒಳಗೆ ಹೋಗಿ ಕೂತಾಗಿರುತ್ತಿತ್ತು. ಕರೆಯಲು ಹೋದವರು ಹೊಸ್ತಿಲಲ್ಲಿ ನಿಂತು ಮಾತಾಡುತ್ತಾರೆಯೇ? ಹೆಂಗಸರ ಹಣೆಗೆ ಕುಂಕುಮ, ಗಂಡಸರ ಕೈಗೆ ಅಕ್ಷತೆ, ಎಲ್ಲರ ಬಾಯಿಗೆ ಉಂಡಿ. ಮಂಗಳವಾರ ಓಟಿನ ದಿನ, ತಪ್ಪಿಸಬಾರದು, ಮನೆಮಂದಿಯೆಲ್ಲ ಬರಬೇಕು ಎಂದು ಅತ್ತೆ ಕನ್ನಡದಲ್ಲಿ ಹೇಳುವರು, ನಾನು ಇಂಗ್ಲಿಷಿಗೆ ತಿರುಗಿಸಿ ನಡುವೆ ಅರ್ಧ ಸೆಂಟು ಸೇರಿಸುವೆ. ಅಲ್ಲಿ ಮನೆಗಳಲ್ಲೂ ಓಟು ನಡೆಯುತ್ತದೆ, ನಮ್ಮ ಬೀದಿಯ ಓಟಿನ ಪೆಟ್ಟಿಗೆ ಇಡುವುದು ನಮ್ಮ ಎದುರುಮನೆಯ ಗ್ಯಾರೇಜಿನಲ್ಲಿ. ಅತ್ತೆ ಆ ಗ್ಯಾರೇಜಿನ ವಿಳಾಸವನ್ನು ಕಲ್ಯಾಣಮಂಟಪದ ವಿಳಾಸದ ಹಾಗೆ ಎರಡೆರಡು ಸಲ ಹೇಳಿಸುತ್ತಿದ್ದರು. ಉಂಡಿ ತಿಂದವರು ಖಂಡಿತ ಬರುತ್ತೇವೆ ಅನ್ನುತ್ತಿದ್ದರು.

ನನಗೆ ಖುಷಿಯೋ ಖುಷಿ. ನೋಡಿದರೆ ಅತ್ತೆ ಪಟ್ಟಿಯಲ್ಲಿಲ್ಲದ ಮನೆಯ ಬೆಲ್ಲು ಒತ್ತುತ್ತಿದ್ದಾರೆ. ಬೇಡ, ಅವರು ನಮ್ಮ ವಿರೋಧಿಗಳು ಎಂದು ಸೆರಗು ಹಿಡಿದು ಜಗ್ಗಿದೆ.

"ಓಣಿಯೊಳಗ ಒಂದ ಮನಿ ಬಿಟ್ಟು ಕರೀತಾರೇನು? ಅವರೇನ ಹಾಕ್ತಾರ ಅದು ಅವರಿಗೆ ಬಿಟ್ಟದ್ದು. ಕರಿಯೂದು ನಮ್ಮ ಕೆಲಸ."

ಒಂದು ಮನೆ ಬಿಟ್ಟರೆ ಮೂರು ತಲೆಮಾರು ಮಾತು ಬಿಡುವ ಊರಿನಿಂದ ಬಂದವರಿಗೆ ಏನು ಹೇಳಲಿ? ಹೀಗೆ ಸಾಲಾಗಿ ಕರೆಯುತ್ತ ಕೊನೆಗೆ ಆ ಮೂಲೆಮನೆಗೂ ಹೋದೆವು. ಮುದುಕ ಎತ್ತರದ ಆಳು, ಪಕ್ಕದಲ್ಲಿ ಕರುವಿನ ಗಾತ್ರದ ನಾಯಿ. ಅರ್ಧ ಸೆಂಟು ಎಂದದ್ದೇ ತಡ, ಸಿಟಿಯವರು ಕಳ್ಳರು, ಕಳ್ಳರಿಗೆ ತಾನು ಕಾಸು ಬಿಚ್ಚುವುದಿಲ್ಲ ಎಂದು ಹತ್ತು ನಿಮಿಷ ಗುಡುಗಿದ. ಅಷ್ಟರಲ್ಲಿ ಅತ್ತೆ ಅವನ ಹೆಂಡತಿಗೆ ಕುಂಕುಮ ಇಟ್ಟು, ನಾಯಿಗೂ ಉಂಡಿ ಕೊಟ್ಟಿದ್ದರು. ಕಡೆಗೆ ಮುದುಕ ಒಂದು ಬಂಗಾರದಂಥ ಮಾತು ಹೇಳಿದ. ಮಂಗಳವಾರ ಇಬ್ಬರು ಗೆಳೆಯರ ಜೊತೆ ಮೀನು ಹಿಡಿಯಲು ಹೋಗುತ್ತಾನಂತೆ, ಈ ಸಲ ಓಟಿನ ಗೊಡವೆಯೇ ಬೇಡವಂತೆ. ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಏನಂದ ಎಂದು ಅತ್ತೆ ಕೇಳಿದರು. ಸುಮ್ಮನೆ ಬರುತ್ತಾನಂತೆ ಅನ್ನಬಹುದಿತ್ತು, ನನ್ನ ದಡ್ಡತನ, ನಿಜ ಹೇಳಿಬಿಟ್ಟೆ.

ಅತ್ತೆಯ ಮುಖ ಕೆಂಪಾಯಿತು. ಮನೆತನಕ ಬಂದು ಕರೆದವರ ಮುಂದೆ ಬರುವುದಿಲ್ಲ ಅನ್ನುವುದೇ? ಕುರ್ಚಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತು, ಬರುತ್ತೇನೆ ಅನ್ನುವವರೆಗೆ ಏಳುವುದಿಲ್ಲ ಅಂದರು. ನಾನು ಕಣ್ಣುಸನ್ನೆ ಮಾಡಿದೆ, ಚಿವುಟಿದೆ, ಸಾಲದ್ದಕ್ಕೆ ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಸುಳ್ಳೂ ಹೇಳಿದೆ. ಊಹೂಂ. ಗಡಿಯಾರದ ಮುಳ್ಳು ಮುಕ್ಕಾಲು ಸುತ್ತು ಹೊಡೆದ ಮೇಲೆ ಮುದುಕ ಸೋತ. ಆಯಿತು ಬರುತ್ತೇನೆ, ಮೀನು ಸಂಜೆ ಹಿಡಿಯುತ್ತೇನೆ ಎಂದ. ಅತ್ತೆ ಅವನ ಅಂಗೈಗೆ ಅಕ್ಷತೆ ಹಾಕಿ, ಗೆಳೆಯರನ್ನೂ ಕರೆತರಬೇಕು ಎಂದು ಸನ್ನೆಯಲ್ಲೇ ಒಪ್ಪಿಸಿ ಎದ್ದರು. ಸುದ್ದಿ ಕೇಳಿದ ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು.

ಮಂಗಳವಾರ ಗ್ಯಾರೇಜಿನಿಂದ ನೂರು ಅಡಿ ದೂರ ಇರಬೇಕು, ಯಾರಿಗೂ ತಿನ್ನಲು ಏನೂ ಕೊಡಕೂಡದು, ಅದು ಕಾನೂನು ಎಂದು ಮೇಡಂ ಬಂದು ಹೇಳಿದರು, ಕೈಮುಗಿಯುವುದೊಂದು ಬಾಕಿ. ಅತ್ತೆ ಒಗೆದಿಟ್ಟ ಒಂಬತ್ತು ಗಜದ ಸೀರೆಯನ್ನು ಫುಟ್‌ಪಾತಿನ ಮೇಲೆ ಹಾಸಿ ನಾಲ್ಕು ಸಲ ಅಳೆದು, ಅಲ್ಲಿ ನಿಂತರು. ಊಟವಿಲ್ಲದ ಮದುವೆ ಎಂದು ಗೊಣಗಿದರೂ ಬಂದವರಿಗೆಲ್ಲ ನಮಸ್ಕಾರ ಮಾಡಿದರು. ಕರೆದವರೆಲ್ಲ ಬಂದರು. ಮೂಲೆಮನೆಯ ಮುದುಕ ಹೆಂಡತಿಯ ಜೊತೆ ಬಂದ, ಹಿಂದೆ ಮೀನಿನ ಟೋಪಿ ಹಾಕಿದ ಇಬ್ಬರು ಗೆಳೆಯರು. ಅತ್ತೆಗೆ ಆನಂದ. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಕೂದಲೆಳೆಯ ಅಂತರದಲ್ಲಿ ಸೋತೆವು. ಬೆಳಿಗ್ಗೆ ಪೇಪರು ಓದಿ ನನ್ನ ತಲೆ ಕೆಟ್ಟು, ನೀವು ಊರೆಲ್ಲ ಕರೆದಿದ್ದಕ್ಕೇ ಲೈಬ್ರರಿ ಹೋಯಿತು ಎಂದು ಅತ್ತೆಯ ಮುಖದ ಮೇಲೇ ಅಂದುಬಿಟ್ಟೆ. ಅವರು ಕಸೂತಿ ಬಟ್ಟೆ ತೆಗೆದುಕೊಂಡು ಹತ್ತಾಗುವ ಮೊದಲೇ ಲೈಬ್ರರಿಗೆ ಹೊರಟುಬಿಟ್ಟರು. ಅದರಿಂದಲೇ ನನಗೆ ಭಯವಾಯಿತು.

ವರ್ಷದ ಕೊನೆಗೆ ಲೈಬ್ರರಿಗೆ ಬೀಗ ಬಿತ್ತು. ಇನ್ನು ಹತ್ತರಿಂದ ಹನ್ನೆರಡರವರೆಗೂ ನನಗೆ ಶಿಕ್ಷೆ ಎಂದುಕೊಂಡೆ. ಹತ್ತು ಗಂಟೆಗೆ ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಹಿತ್ತಲಲ್ಲಿ ನಿಂಬೆಗಿಡದ ಕೆಳಗೆ, ಜನವರಿಯ ಚಳಿಯಲ್ಲಿ ಶಾಲು ಹೊದ್ದು ಕಸೂತಿ ಹಾಕುತ್ತ ಕೂತಿದ್ದಾರೆ. ಮರುದಿನವೂ ಹಾಗೆಯೇ. ಮೂರನೆಯ ದಿನ ತಡೆಯಲಾರದೆ ಹೋಗಿ, ಒಳಗೆ ಬನ್ನಿ ಅತ್ತೆ, ಯಾಕೆ ಹೀಗೆ ಥಂಡಿಯಲ್ಲಿ ಕೂತಿದ್ದೀರಿ ಎಂದು ಕೇಳಿದೆ.

ಅವರು ಸೂಜಿಯಿಂದ ಕಣ್ಣೆತ್ತದೆ ಹೇಳಿದರು, "ಲೈಬ್ರರಿಗೆ ಮೊದಲ ದಿನ ಯಾಕ ಹೋದೆ ಅಂತಿ? ನಿನಗ ಎರಡು ತಾಸು ಆರಾಮ ಸಿಗಲಿ ಅಂತ. ನನ್ನ ಬಾಯಿ ನನಗ ಗೊತ್ತಿಲ್ಲೇನು? ನೀ ಹೋಗಿ ಕಾಫಿ ಕುಡಿ, ಆರತದ."

ನನಗೆ ನಾಚಿಕೆಯಾಯಿತು. ಅಷ್ಟು ದಿನ ಆ ಎರಡು ಗಂಟೆ ನನ್ನ ಅದೃಷ್ಟ ಎಂದುಕೊಂಡಿದ್ದೆ, ಅವರು ಕೊಟ್ಟದ್ದು ಎಂದು ಹೊಳೆದೇ ಇರಲಿಲ್ಲ. ಒಳಗೆ ಹೋಗಿ ಕಾಫಿಯನ್ನು ಸಿಂಕಿಗೆ ಸುರಿದೆ. ಕುಂಕುಮದ ಭರಣಿ ತೆಗೆದುಕೊಂಡು ನಾನೇ ಹೊರಟೆ. ನಾಲ್ವರು ಅಜ್ಜಿಯರ ಮನೆಗೂ ಹೋಗಿ, ಒಳಗೆ ಕೂತು, ನಾಳೆ ಹತ್ತಕ್ಕೆ ನಮ್ಮ ಮನೆಗೆ ಬರಬೇಕು, ತಪ್ಪಿಸಬಾರದು ಎಂದು ಕರೆದೆ. ಮೂಲೆಮನೆಯನ್ನು ದಾಟಿಕೊಂಡೇ ಬರಬೇಕಿತ್ತು. ದಾಟಿಯೂ ಬಂದೆ. ನಾಲ್ಕು ಹೆಜ್ಜೆ ಮುಂದೆ ಹೋದವಳು ವಾಪಸು ಹೋಗಿ ಬೆಲ್ಲು ಒತ್ತಿದೆ.

ಮರುದಿನ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿಯರ ಉಲ್ಲನ್ ಉಂಡೆಗಳನ್ನು ಮೂಲೆಮನೆಯ ನಾಯಿ ಸೋಫಾದಡಿ ಹೊತ್ತೊಯ್ಯುತ್ತಿತ್ತು. ಮಾವನವರೂ ಮುದುಕನೂ ಕುಸ್ತಿ ನೋಡುತ್ತ ತಂತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ನಾನು ಏಳನೆಯ ಲೋಟಕ್ಕೆ ಚಹಾ ಸೋಸುತ್ತಿದ್ದೆ. ಮುದುಕ ಉಂಡಿ ಅಗಿಯುತ್ತ ಅಡುಗೆಮನೆಯ ಬಾಗಿಲಿಗೆ ಬಂದ. ಇಷ್ಟು ಜನಕ್ಕೆ ಈ ಮನೆ ಸಾಲದು, ಎಲ್ಲರೂ ಆರಾಮಾಗಿ ಕೂರುವ ಹಾಗೆ ಸಿಟಿಯವರು ಒಂದು ಜಾಗ ಮಾಡಿಕೊಡಬಾರದೇ ಎಂದು ನನ್ನನ್ನೇ ಕೇಳಿದ. ಇತ್ತಲ್ಲ, ಅರ್ಧ ಸೆಂಟಿಗೆ ಎಂದೆ. ಅವನ ಅಗಿಯುವುದು ನಿಂತಿತು.

ಏನಂದ ಎಂದು ಅತ್ತೆ ನಡುಮನೆಯಿಂದಲೇ ಕೇಳಿದರು. ಈ ಸಲವೂ ನಿಜವನ್ನೇ ಹೇಳಿದೆ.

"ಹೌದೇನು? ಮತ್ತ ಓಟು ಬಂದಾಗ ಮೊದಲ ಅವ್ರ ಮನಿಗೇ ಹೋಗೂಣು," ಎಂದು ಅತ್ತೆ ಸೂಜಿಗೆ ದಾರ ಪೋಣಿಸಿದರು.